ಎಪಿಡಾರಸ್ ಬಯಲು ರಂಗಮಂದಿರ: ಮಂಡಿನೋವಿರುವ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ

ಜುಲೈನಲ್ಲಿ ಅಥೆನ್ಸ್‌ಗೆ ಹೊರಟಿದ್ದೇವೆ. ಅಲ್ಲಿಂದ ಗ್ರೀಸ್‌ನ ಪ್ರಾಚೀನ ಎಪಿಡಾರಸ್ ರಂಗಮಂದಿರಕ್ಕೂ ಹೋಗುವಾಸೆ. ಅಮ್ಮನಿಗೆ 71 ವರ್ಷ, ಎರಡೂ ಮಂಡಿ ಸವೆದಿವೆ, ಬಲಗಾಲಿನ ನೋವು ಹೆಚ್ಚು. ಕೋಲು ಹಿಡಿದು ಹತ್ತು ನಿಮಿಷ ನಡೆಯುತ್ತಾರೆ, ಮೆಟ್ಟಿಲಾದರೆ ಐದಾರೇ. ಹಗಲು ಹೋಗುವುದು ಒಳ್ಳೆಯದೋ, ರಾತ್ರಿ ನಾಟಕಕ್ಕೇ ಹೋಗಬಹುದೋ? ವೀಲ್‌ಚೇರ್ ಬೇಕಾದೀತೇ?

ಉತ್ತರ 1

ಹಗಲೇ ಹೋಗಿ, ಮೇಲೆ ಹತ್ತಿಸುವ ಯೋಚನೆ ಬಿಡಿ. ಒಟ್ಟು 55 ಸಾಲು: ಕೆಳಗೆ 34, ನಡುವಿನ ಓಣಿಯಾಚೆ 21. ಹಿಡಿದು ಹತ್ತಲು ಕಂಬಿಯಿಲ್ಲ. ಆದರೆ ಎರಡೂ ಬದಿಯ ಕಲ್ಲಿನ ಬಾಗಿಲುಗಳು ನೇರವಾಗಿ ದುಂಡನೆಯ ರಂಗದ ಮಟ್ಟಕ್ಕೇ ತೆರೆದುಕೊಳ್ಳುತ್ತವೆ. ರಂಗದ ಅಡ್ಡಳತೆ ಸುಮಾರು 20 ಮೀಟರ್, ಗಟ್ಟಿ ಮಣ್ಣಿನ ನೆಲ. ಅಲ್ಲಿ ನಿಂತು ತಲೆಯೆತ್ತಿದರೆ ಇಡೀ ಕಟ್ಟಡ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಮೇಲಿಂದ ನೋಡುವುದಕ್ಕಿಂತ ಅದೇ ಚೆಂದ. ಅಮ್ಮ ರಂಗದ ನಡುವಿನ ಕಲ್ಲಿನ ಬಳಿ ನಿಂತು ದನಿಯೆತ್ತಿ ಮಾತಾಡಲಿ, ನೀವು ಕೊನೆಯ ಸಾಲಿನಿಂದ ಕೇಳಿಸಿಕೊಳ್ಳಿ.

ಒಂದು ಎಚ್ಚರ: ರಂಗಕ್ಕೂ ಮೊದಲ ಸಾಲಿಗೂ ನಡುವೆ ಮಳೆನೀರು ಹರಿಯಲು ತಗ್ಗಾದ ಕಲ್ಲುಹಾಸಿದೆ. ದಾಟುವಾಗ ಕೈ ಹಿಡಿಯಿರಿ. ಜುಲೈ ನಾಟಕೋತ್ಸವದ ಕಾಲ, ರಂಗಸಜ್ಜಿಕೆ ನಿಂತಿದ್ದರೆ ನಡುವಿಗೆ ಹೋಗಲು ಆಗದಿರಬಹುದು, ಮೊದಲೇ ವಿಚಾರಿಸಿ.

ಉತ್ತರ 2

ಮಡಚುವ ವೀಲ್‌ಚೇರ್ ಖಂಡಿತ ಒಯ್ಯಿರಿ. ಟಿಕೆಟ್ ಕೊಡುವಲ್ಲಿಂದ ರಂಗಮಂದಿರದವರೆಗೆ ಪೈನ್ ಮರಗಳ ನಡುವೆ ಏರುದಾರಿ; ಅಮ್ಮನ ಹತ್ತು ನಿಮಿಷ ಅಲ್ಲೇ ಮುಗಿದುಹೋಗುತ್ತದೆ. ಜಲ್ಲಿಯಲ್ಲಿ ಮುಂದಿನ ಸಣ್ಣ ಚಕ್ರಗಳು ಹೂತು ಕುರ್ಚಿ ಮುಗ್ಗರಿಸುತ್ತದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಚಕ್ರಗಳ ಮೇಲಷ್ಟೇ ಹಿಂಬದಿಯಾಗಿ ಎಳೆಯಿರಿ. ಇಳಿಜಾರಿನಲ್ಲಿ ನೀವು ಕೆಳಗಿದ್ದು, ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ.

ಕೋಲು ಎಡಗೈಯಲ್ಲಿರಲಿ, ನೋವು ಬಲಗಾಲಿನಲ್ಲಲ್ಲವೇ? ಹಿಡಿ ಮಣಿಕಟ್ಟಿನ ಮಡಿಕೆಯ ಎತ್ತರಕ್ಕೆ ಬರಬೇಕು. ಹತ್ತುವಾಗ ಎಡಗಾಲು ಮೊದಲು; ಇಳಿಯುವಾಗ ಕೋಲು, ಬಲಗಾಲು, ಆಮೇಲೆ ಎಡಗಾಲು. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಹೊರಡುವ ಮುನ್ನ ಬದಲಿಸಿ, ನುಣುಪಾದ ಸುಣ್ಣಕಲ್ಲಿನ ಮೇಲೆ ಅದು ಜಾರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಅಮ್ಮನಿಗೆ ನಾಟಕದ ಆಸೆಯೂ ಇದೆ. ಪೂರ್ತಿ ಕೈಬಿಡಬೇಕೇ?

ಉತ್ತರ 3

ಬೇಡ. ಟಿಕೆಟ್ ಕೊಳ್ಳುವ ಮುನ್ನವೇ ಉತ್ಸವದ ಟಿಕೆಟ್ ಕಚೇರಿಗೆ ಬರೆದು ಎಷ್ಟು ಮೆಟ್ಟಿಲು ಹತ್ತಬಲ್ಲರು, ವೀಲ್‌ಚೇರ್‌ನಲ್ಲೇ ಕೂರುತ್ತಾರೋ ಇಲ್ಲವೋ ಎಂದು ಲೆಕ್ಕ ಸಮೇತ ತಿಳಿಸಿ. ‘ನಡೆಯಲು ಸ್ವಲ್ಪ ಕಷ್ಟ’ ಎಂದಷ್ಟೇ ಬರೆದರೆ ಸರಿಯಾದ ಜಾಗ ಸಿಗುವುದಿಲ್ಲ.

ಕಲ್ಲಿನ ಆಸನಗಳಲ್ಲಿ ಹೆಚ್ಚಿನವಕ್ಕೆ ಒರಗು ಇಲ್ಲ, ಮನೆಯ ಕುರ್ಚಿಗಿಂತ ತಗ್ಗು. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಏಳುವುದೇ ಕಷ್ಟ. 8ರಿಂದ 10 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಒಯ್ಯಿರಿ. ಮೆತ್ತನೆಯ ದಿಂಬು ಕುಸಿಯುತ್ತದೆ.

ಬೀಳುವ ಭಯ ಹೆಚ್ಚಿರುವುದು ನಾಟಕ ಮುಗಿದ ಮೇಲೆ, ಕತ್ತಲಲ್ಲಿ ಸಾವಿರಾರು ಜನ ಒಟ್ಟಿಗೆ ಇಳಿಯುವಾಗ. ಅಥೆನ್ಸ್‌ಗೆ ಎರಡು ಗಂಟೆಗೂ ಮಿಕ್ಕ ದಾರಿ, ನಿಧಾನ ಇಳಿಯುವವರಿಗಾಗಿ ಬಸ್ಸು ಕಾಯದಿರಬಹುದು. ಬಾಡಿಗೆ ಕಾರು ಮಾಡಿಕೊಂಡು ರಾತ್ರಿ ಹತ್ತಿರದ ಲಿಗೂರಿಯೋದಲ್ಲೇ ಉಳಿಯಿರಿ, ಜನ ಕರಗಿದ ಮೇಲೆ ಟಾರ್ಚ್ ಹಿಡಿದು ನಿಧಾನ ಇಳಿಯಿರಿ.

ಪಕ್ಕದಲ್ಲೇ ಇರುವ, ಗ್ರೀಕರ ವೈದ್ಯದೇವ ಅಸ್ಕ್ಲೀಪಿಯಸ್‌ನ ದೇವಾಲಯವನ್ನೂ ಅಮ್ಮನಿಗೆ ತೋರಿಸಿ. ಕಾಯಿಲೆ ವಾಸಿಯಾಗಲೆಂದು ಜನ ಬರುತ್ತಿದ್ದ ಕ್ಷೇತ್ರವದು. ಅಲ್ಲಿಯ 9 ಕಟ್ಟಡಗಳಲ್ಲಿ 11 ಕಲ್ಲಿನ ಇಳಿಜಾರುಗಳನ್ನು ಗುರುತಿಸಿ, ನಡೆಯಲಾಗದವರಿಗಾಗಿಯೇ ಕಟ್ಟಿದವು ಎಂದು 2020ರಲ್ಲಿ ಸಂಶೋಧಕಿ ಡೆಬಿ ಸ್ನೀಡ್ ವಾದಿಸಿದ್ದಾರೆ. ದೇವಾಲಯದ ಮುಂದಿನದು ಈಗಲೂ ಕಾಣುತ್ತದೆ.