14 ಕೆಜಿ ಜಾಸ್ತಿ ಇರೋನ ಜೊತೆ ಸ್ಪಾರಿಂಗ್: ಮಾಡಿದವರು ಹೇಳಿ

ನನ್ನ ತೂಕ 64 ಕೆಜಿ. ಮುಂದಿನ ವಾರ 78 ಕೆಜಿ ಹುಡುಗನ ಜೊತೆ ಬಾಕ್ಸಿಂಗ್ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮೂರು ರೌಂಡ್ ಇದೆ. ನನಗಿಂತ ಒಂದು ಗೇಣು ಎತ್ತರ ಬೇರೆ. ಜೊತೆಯವರು "ಚುರುಕಾಗಿದ್ರೆ ತೂಕ ಲೆಕ್ಕಕ್ಕಿಲ್ಲ" ಅಂತಾರೆ. ಹೌದಾ?

— ಹಾಗನ್ನೋರು ಭಾರದವನ ಗುದ್ದು ತಿಂದಿಲ್ಲ ಬಿಡಿ. ಹೆಚ್ಚುಕಮ್ಮಿ ಇಷ್ಟೇ ಅಂತರದಲ್ಲಿ ನಾನೂ ಇಳಿದಿದ್ದೆ. ಮೊದಲ ರೌಂಡ್ ನನ್ನದೇ. ಎರಡನೇದರಲ್ಲಿ ಅವನ ಬಲಗೈ ಗುದ್ದನ್ನ ಮುಖದ ಮುಂದೆ ಕೈ ಎತ್ತಿ, ಗಾರ್ಡ್‌ನಲ್ಲಿ ಸರಿಯಾಗೇ ತಡೆದೆ. ಆದರೂ ನನ್ನ ಗ್ಲೌಸೇ ಬಂದು ನನ್ನ ಮೂಗಿಗೆ ಬಡೀತು! ಅದಕ್ಕಿಂತ ಸುಸ್ತು ಮಾಡಿದ್ದು ಕ್ಲಿಂಚ್, ಅಂದ್ರೆ ಎದುರಾಳಿ ಅಪ್ಪಿ ಹಿಡ್ಕೊಳ್ಳೋದು. ಕುತ್ತಿಗೆ ಮೇಲೆ ಮುಂಗೈ ಇಟ್ಟು ಮೈಭಾರ ಪೂರ್ತಿ ಬಿಟ್ಟ. ಹಾಗೆ ಮೂರ್ನಾಲ್ಕು ಸಲ ಆಗೋಷ್ಟರಲ್ಲಿ ತೊಡೆ ನಡುಗ್ತಿತ್ತು. ಮೂರನೇ ರೌಂಡಿಗೆ ಚುರುಕು ಎಲ್ಲಿಂದ ಬರಬೇಕು?

— ಹಗುರದವರು ಗೆದ್ದೇ ಇಲ್ಲ ಅಂತಲ್ಲ. 2009ರಲ್ಲಿ ಬಾಕ್ಸರ್ ಡೇವಿಡ್ ಹೇ ತನಗಿಂತ 40 ಕೆಜಿಗೂ ಹೆಚ್ಚು ತೂಗ್ತಿದ್ದ, ಏಳಡಿ ಎತ್ತರದ ವಾಲುಯೆವ್‌ನನ್ನ ಅಂಕಗಳ ಮೇಲೆ ಸೋಲಿಸಿದ. 2024ರಲ್ಲಿ ಉಸಿಕ್ ತನಗಿಂತ ಭಾರದ ಫ್ಯೂರಿಯನ್ನ ಎರಡು ಸಲ ಸೋಲಿಸಿದ. ಆದ್ರೆ ಹೇ, ಉಸಿಕ್ ಇಬ್ಬರೂ ನೂರು ಕೆಜಿ ಆಸುಪಾಸಿನವರು; ಅವರ ಗುದ್ದಿಗೂ ಎದುರಾಳಿ ಹೆದರಲೇಬೇಕು. ನಿಮ್ಮದು ಬೇರೆ ಕಥೆ. ವೃತ್ತಿಪರ ಬಾಕ್ಸಿಂಗ್ ಲೆಕ್ಕದಲ್ಲಿ ನೀವು ವೆಲ್ಟರ್‌ವೇಟ್, ಅವನು ಲೈಟ್ ಹೆವಿವೇಟ್. ನಡುವೆ ಮೂರು ವಿಭಾಗ ಇವೆ. ನಿಮಗೆ ಹತ್ತಿರದ ಉದಾಹರಣೆ 2016ರ ಬ್ರಿಟಿಷ್ ಬಾಕ್ಸರ್ ಅಮೀರ್ ಖಾನ್. ತೂಕ ಏರಿಸಿಕೊಂಡು ತನಗಿಂತ ಭಾರದ ಬಾಕ್ಸರ್ ಕ್ಯಾನೆಲೊ ಎದುರು ನಿಂತ, ಐದು ರೌಂಡ್ ಕೈ ಚೆನ್ನಾಗೇ ಓಡ್ತು. ಆರನೇದರಲ್ಲಿ ಕ್ಯಾನೆಲೊನ ಒಂದು ಬಲಗೈ ಗುದ್ದು, ಅಷ್ಟೇ, ಖಾನ್ ನೆಲಕ್ಕೆ.

— ನಾನು ಭಾರದ ಕಡೆಯವನು, ಗುಟ್ಟು ಹೇಳ್ತೀನಿ. ನೀವು ನೆಟ್ಟಗೆ ಹಿಂದೆ ಸರಿದರೆ ನಮಗೆ ಹಬ್ಬ, ನಿಮ್ಮ ಬೆನ್ನಿಗೆ ರಿಂಗಿನ ಹಗ್ಗ ತಾನಾಗಿ ಬರುತ್ತೆ. ಹೊಟ್ಟೆಗೆ ಎರಡು ಕೊಟ್ಟು ಪಕ್ಕಕ್ಕೆ ಜಾರಿಕೊಳ್ಳೋರನ್ನ ಹಿಡಿಯೋದೇ ಕಷ್ಟ. ಉದ್ದ ಕೈಯವನ ಎದುರು ಅರ್ಧ ದೂರದಲ್ಲಿ ನಿಲ್ಲಬೇಡಿ: ಅವನ ಕೈ ಮುಟ್ಟುತ್ತೆ, ನಿಮ್ಮದು ಮುಟ್ಟಲ್ಲ. ಒಂದೋ ಪೂರ್ತಿ ಹೊರಗಿರಿ, ಇಲ್ಲಾ ಎದೆಗೆ ಅಂಟಿಕೊಳ್ಳಿ. ಅಂಟಿದ ಮೇಲೆ ಅಲ್ಲೇ ನಿಂತರೆ ಮೇಲಿನವರು ಹೇಳಿದ ಕ್ಲಿಂಚ್ ಗ್ಯಾರಂಟಿ.

— ಅವನು ಎಷ್ಟು ಜೋರಾಗಿ ಹೊಡೀಬೇಕು ಅನ್ನೋದನ್ನ ಕೋಚ್ ಮೊದಲೇ ಹೇಳಲಿ. ಹೇಳದಿದ್ರೆ ಇಳೀಬೇಡಿ. ಹೆಡ್‌ಗಾರ್ಡ್ ಚರ್ಮ ಒಡೆಯೋದನ್ನ ತಪ್ಪಿಸುತ್ತೆ, ಮಿದುಳು ಅಲುಗೋದನ್ನ ಅಲ್ಲ.

ಪ್ರಶ್ನೆ ಕೇಳಿದವನೇ: ಕೋಚ್ ಹತ್ರ ಮಾತಾಡಿದೆ. ಅವನಿಗೆ ಜ್ಯಾಬ್ (ಮುಂದಿನ ಕೈಯ ನೇರ, ಚುಟುಕು ಗುದ್ದು) ಮಾತ್ರ, ನನಗೆ ಎಲ್ಲಾ ಗುದ್ದು. ಅವನ ಮುಖ ಸ್ವಲ್ಪ ಸಣ್ಣಗಾಯ್ತು.