ಪದಚರ್ಚೆ: ಷೇರುಪೇಟೆಗೆ ‘ಲಂಗರು’ ಸರಿಯೋ, ‘ಗೂಟ’ ಸರಿಯೋ?

ಪ್ರಶ್ನೆ: ಶಿವಮೊಗ್ಗದಲ್ಲಿ ಹೊಸದಾಗಿ ಷೇರು ಕೊಳ್ಳುವವರಿಗೆ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ಆ್ಯಂಕರಿಂಗ್ ಬಯಾಸ್’ಗೆ ‘ಲಂಗರು ಪೂರ್ವಗ್ರಹ’, ‘ಡಿಸ್ಪೊಸಿಷನ್ ಎಫೆಕ್ಟ್’ಗೆ ‘ಸ್ವಭಾವ ಪರಿಣಾಮ’, ‘ಲಾಸ್ ಅವರ್ಶನ್’ಗೆ ‘ನಷ್ಟಭೀತಿ’ ಎಂದಿದೆ. ಓದಿದರೆ ತಲೆಬುಡ ತಿಳಿಯುವುದಿಲ್ಲ. ಬಳಕೆಯ ಮಾತು ಇದೆಯೇ?

ಉತ್ತರ: ಮೊದಲು ‘ಪೂರ್ವಗ್ರಹ’ ಬಿಡಿ. ಅದು ಜನರ ಮೇಲೆ ಇಟ್ಟುಕೊಂಡ ಅಭಿಪ್ರಾಯಕ್ಕೆ ಸವೆದ ಪದ. ಇಲ್ಲಿ ತಕ್ಕಡಿ ಒಂದು ಕಡೆ ವಾಲುವ ಅರ್ಥ ಬೇಕು, ‘ವಾಲಿಕೆ’ ಸಾಕು.

ಆ್ಯಂಕರಿಂಗನ್ನು ಮನಶ್ಶಾಸ್ತ್ರಜ್ಞರಾದ ಟ್ವರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ವಿವರಿಸಿದ್ದು ಹೀಗೆ: ಮೊದಲು ಕಿವಿಗೆ ಬಿದ್ದ ಅಂಕಿಯಿಂದ ಮನಸ್ಸು ಸರಿಯುತ್ತದೆ, ಸರಿಯಬೇಕಾದಷ್ಟು ಸರಿಯುವುದಿಲ್ಲ. ಗೂಟಕ್ಕೆ ಕಟ್ಟಿದ ದನ ಹಗ್ಗ ಇರುವಷ್ಟು ದೂರ ಮೇಯುವಂತೆ. ಹಾಗಾಗಿ ‘ಗೂಟ’ವೇ ಹತ್ತಿರ. 52 ವಾರಗಳ ಗರಿಷ್ಠ ಬೆಲೆ ನೋಡಿ ‘ಈಗ ಅಗ್ಗ’ ಎನ್ನುವುದು ಗೂಟ. ಸಾಗರ, ತೀರ್ಥಹಳ್ಳಿ ಕಡೆ ‘ರಾಶಿಗೆ (ಅದು ಅಡಿಕೆಯ ಒಂದು ದರ್ಜೆ) ಆಗಿನ ರೇಟು ಬರಲಿ, ಆಮೇಲೆ ಕೊಡೋಣ’ ಎಂದು ಅಡಿಕೆ ಮೂಟೆ ಇಟ್ಟುಕೊಳ್ಳುವುದೂ ಅದೇ. (ಗೂಟದ ಕಾರು ನೆನಪಾಗಿ ಯಾರಾದರೂ ನಕ್ಕರೆ ನಗಲಿ.)

ಡಿಸ್ಪೊಸಿಷನ್ ಎಫೆಕ್ಟ್ ಹಣಕಾಸು ವಿದ್ವಾಂಸರಾದ ಶೆಫ್ರಿನ್ ಮತ್ತು ಸ್ಟ್ಯಾಟ್‌ಮನ್ 1985ರಲ್ಲಿ ಕೊಟ್ಟ ಹೆಸರು: ಏರಿದ್ದನ್ನು ಬೇಗ ಮಾರುವುದು, ಇಳಿದದ್ದನ್ನು ಹಿಡಿದು ಕೂರುವುದು. ‘ಅಸಲಾದರೂ ಬರಲಿ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಆದರೆ ‘ಅಸಲಿನ ಹಠ’ ಎಂದರೆ ಎರಡನೆಯ ಅರ್ಧವಷ್ಟೇ ಬಂತು. ‘ಲಾಭಕ್ಕೆ ಅವಸರ, ನಷ್ಟಕ್ಕೆ ಹಠ’ ಎನ್ನಿ, ಉದ್ದವಾದರೂ ಪೂರ್ತಿ.

ಇದರ ಪಕ್ಕದಲ್ಲಿ ‘ಆವರೇಜ್ ಮಾಡೋದು’ ಎಂಬ ಬಳಕೆಯನ್ನೂ ವಿವರಿಸಿ. 500 ರೂಪಾಯಿಯ 10 ಷೇರು 300ಕ್ಕೆ ಇಳಿದಿದೆ ಅನ್ನಿ. ಇನ್ನೂ 10 ಕೊಂಡರೆ ಸರಾಸರಿ 400. ಆ್ಯಪಿನಲ್ಲಿ ನಷ್ಟ ಶೇ. 40ರಿಂದ 25ಕ್ಕೆ ಇಳಿದಂತೆ ಕಾಣುತ್ತದೆ. ರೂಪಾಯಿ ಲೆಕ್ಕದಲ್ಲಿ ಆಗಲೂ 2,000, ಈಗಲೂ 2,000. ಅದೇ ಷೇರಿಗೆ ಸಿಕ್ಕಿಕೊಂಡ ದುಡ್ಡು ಮಾತ್ರ 5,000ದಿಂದ 8,000 ಆಯಿತು. ‘ಕೈಯಲ್ಲಿ ಇದು ಇಲ್ಲದಿದ್ದರೆ ಇವತ್ತು 300ಕ್ಕೆ ಕೊಳ್ಳುತ್ತಿದ್ದೆನೇ?’ ಎಂದು ಕೇಳಿಕೊಳ್ಳಲು ಹೇಳಿ. ಆ ಪ್ರಶ್ನೆಯಲ್ಲಿ 500 ಎಂಬ ಗೂಟ ಇಲ್ಲ, ಅದಕ್ಕೇ ಅದು ಕೆಲಸ ಮಾಡುವುದು.

‘ನಷ್ಟಭೀತಿ’ ತಪ್ಪು. ಭೀತಿ ಮುಂದಾಗುವುದರ ಬಗ್ಗೆ. ಇಲ್ಲಿರುವುದು ತೂಕದ ಮಾತು: ಸಾವಿರ ಬಂದ ಖುಷಿಗಿಂತ ಸಾವಿರ ಹೋದ ಸಂಕಟ ಭಾರ. ‘ನಷ್ಟದ ಸಂಕಟ’ ಎಂದು ಬರೆಯಿರಿ. ಎಲ್ಲರೂ ಕೊಂಡರೆಂದು ತಾನೂ ಕೊಳ್ಳುವ ‘ಹರ್ಡಿಂಗ್’ಗೆ ಕುರಿಮಂದೆ ಇದ್ದೇ ಇದೆ.