ಗೇಟಿನ ಮುಂದಿನ ನಾಲ್ಕು ನಾಯಿ, ಸಂಘದ ಸಭೆ: ಅನುಭವ ಇದ್ದವರು ದಾರಿ ಹೇಳಿ

ಕೇಳಿದವರು

ನಾವಿರುವುದು ಒಂದು ಜಿಲ್ಲಾ ಕೇಂದ್ರದ ಅಪಾರ್ಟ್‌ಮೆಂಟಿನಲ್ಲಿ. ಗೇಟಿನ ಹೊರಗೆ ನಾಲ್ಕು ಬೀದಿ ನಾಯಿಗಳಿವೆ. ಎರಡನೆಯ ಮಹಡಿಯ ಹಿರಿಯರೊಬ್ಬರು ಸಂಜೆ ಹೊತ್ತು ಅವಕ್ಕೆ ಅನ್ನ ಹಾಕುತ್ತಾರೆ. ಕಳೆದ ವಾರ ಅವುಗಳಲ್ಲೊಂದು ಡೆಲಿವರಿ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಅಂದಿನಿಂದ ಸಂಘದ ವಾಟ್ಸ್‌ಆ್ಯಪ್ ಗುಂಪು ಹೊತ್ತಿ ಉರಿಯುತ್ತಿದೆ. ಭಾನುವಾರ ಸಭೆ. ಯಾರಿಗಾದರೂ ದುಡ್ಡು ಕೊಟ್ಟು ನಾಯಿಗಳನ್ನು ಊರಾಚೆ ಬಿಡಿಸುವುದು, ಅನ್ನ ಹಾಕಿದವರಿಗೆ ದಂಡ ಹಾಕುವುದು, ಮನೆಯಲ್ಲಿ ಸಾಕಿದ ನಾಯಿಗಳನ್ನು ಲಿಫ್ಟಿಗೆ ಬಿಡದಿರುವುದು, ಈ ಮೂರಕ್ಕೆ ನಿರ್ಣಯ ಆಗಬೇಕಂತೆ. ಸಮಿತಿಯಲ್ಲಿ ನಾನೂ ಇದ್ದೇನೆ. ನಾಯಿಗಳ ಮೇಲೆ ನನಗೆ ವಿಶೇಷ ಪ್ರೀತಿಯೂ ಇಲ್ಲ, ಹಗೆಯೂ ಇಲ್ಲ. ಸಹಿ ಹಾಕುವ ಮೊದಲು ಕಾನೂನು ಏನು ಹೇಳುತ್ತದೆ, ಯಾರ ಬಾಗಿಲು ತಟ್ಟಬೇಕು ಎಂಬುದು ಗೊತ್ತಾಗಬೇಕು. ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ.

ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದವರು

ಮೊದಲನೆಯ ನಿರ್ಣಯಕ್ಕೆ ಸಹಿ ಹಾಕಬೇಡಿ. ಉಳಿದದ್ದನ್ನು ಆಮೇಲೆ ನೋಡೋಣ.

ಬೀದಿ ನಾಯಿಗಳ ವಿಷಯದಲ್ಲಿ ಈಗ ನಡೆಯುವುದು ಕೇಂದ್ರ ಸರ್ಕಾರದ ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023. ಅದಕ್ಕೂ ಮುಂಚೆ 2001ರ ನಿಯಮಗಳಿದ್ದವು. ತಿರುಳು ಎರಡರಲ್ಲೂ ಒಂದೇ: ಸ್ಥಳೀಯ ಸಂಸ್ಥೆ ನಾಯಿಯನ್ನು ಹಿಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಮತ್ತೆ ಬಿಡಬೇಕು. ಬಿಟ್ಟ ದಿನ, ಹೊತ್ತು, ಸ್ಥಳ ದಾಖಲಾಗಬೇಕು. ಈ ಕೆಲಸ ನಿಮ್ಮ ಪಾಲಿಕೆಯದ್ದು ಅಥವಾ ಅದು ಒಪ್ಪಂದ ಮಾಡಿಕೊಂಡಿರುವ, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯದ್ದು. ಸಂಘ ಖಾಸಗಿಯಾಗಿ ಯಾರನ್ನೋ ಕರೆಸಿ ಟೆಂಪೊದಲ್ಲಿ ತುಂಬಿ ಕಳುಹಿಸುವುದಕ್ಕೆ ಯಾವ ನಿಯಮವೂ ಆಸ್ಪದ ಕೊಡುವುದಿಲ್ಲ. ಅದನ್ನು ನಿರ್ಣಯದ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ನಿಮ್ಮ ವಿರುದ್ಧದ ಸಾಕ್ಷ್ಯವನ್ನು ನೀವೇ ಬರೆದುಕೊಟ್ಟಂತೆ. ಕಾನೂನು ಬಿಡಿ, ಲೆಕ್ಕಾಚಾರಕ್ಕೂ ಅದು ಹೊಂದುವುದಿಲ್ಲ. ಕಸದ ತೊಟ್ಟಿ ಅಲ್ಲೇ ಇರುತ್ತದೆ, ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ. ಅವಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ಸಭೆಗೆ ಮುಂಚೆ ಒಂದು ಕೆಲಸ ಮಾಡಿ. ನಾಲ್ಕೂ ನಾಯಿಗಳ ಕಿವಿ ನೋಡಿ. ಶಸ್ತ್ರಚಿಕಿತ್ಸೆ ಆದ ನಾಯಿಯ ಒಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ. ಜಗಳದಲ್ಲಿ ಹರಿದ ಕಿವಿಯಂತೆ ಅಂಕುಡೊಂಕಾಗಿರುವುದಿಲ್ಲ, ಅಂಚು ನೇರವಾಗಿ, ಮಾಗಿದ ಗಾಯದ ಹಾಗೆ ನುಣುಪಾಗಿರುತ್ತದೆ. ನಾಲ್ಕರಲ್ಲಿ ಎಷ್ಟಕ್ಕೆ ಈ ಗುರುತು ಇದೆ, ಎಷ್ಟಕ್ಕೆ ಇಲ್ಲ ಎಂಬುದನ್ನು ಫೋಟೊ ಸಹಿತ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಇಡೀ ಜಗಳದ ದಿಕ್ಕು ಬದಲಾಗಿದ್ದು ಆ ಒಂದು ಹಾಳೆಯಿಂದ. "ನಾಯಿ ಬೇಕು", "ನಾಯಿ ಬೇಡ" ಎಂದು ಕೂಗಾಡುತ್ತಿದ್ದವರಿಗೆ ಇನ್ನು ಉಳಿದಿರುವುದು ಎರಡು ನಾಯಿಯ ಶಸ್ತ್ರಚಿಕಿತ್ಸೆ ಮಾತ್ರ ಎಂದು ಕಾಣಿಸಿತು.

ಹಿಡಿಯುವವರು ಬಂದಾಗ ಗಮನಿಸಿ: ಬಲೆ ಅಥವಾ ಕೈ ಬಳಸಬೇಕು, ಇಕ್ಕಳ ಮತ್ತು ತಂತಿಯ ಉರುಳು ನಿಷಿದ್ಧ. ಹಿಡಿದ ಕೂಡಲೇ ಕೊರಳಿಗೆ ಸಂಖ್ಯೆಯ ಪಟ್ಟಿ ಕಟ್ಟಬೇಕು. ಆ ಸಂಖ್ಯೆ ಬರೆದುಕೊಳ್ಳಿ, ವಾಪಸು ಬಿಡುವಾಗ ತಾಳೆ ನೋಡಲು ಅದೇ ಆಧಾರ. ಮತ್ತೆ, ಅನ್ನ ಹಾಕುವ ಆ ಹಿರಿಯರನ್ನು ದೂರ ಮಾಡಿಕೊಳ್ಳಬೇಡಿ. ಬಲೆ ಕಂಡ ಕೂಡಲೇ ನಾಯಿಗಳು ದಿಕ್ಕಾಪಾಲಾಗಿ ಓಡುತ್ತವೆ. ಅವರು ಕರೆದರೆ ಬರುತ್ತವೆ. ನಮ್ಮಲ್ಲಿ ಹಿಡಿಯಲು ಬಂದ ತಂಡದವರು ಮೊದಲು ಕೇಳಿದ್ದೇ "ಅನ್ನ ಹಾಕುವವರು ಯಾರು?" ಎಂದು.

ದಂಡದ ವಿಷಯ. ಅದೇ ನಿಯಮಗಳ 20ನೆಯ ನಿಯಮ ಆಹಾರ ಹಾಕುವುದಕ್ಕೆ ಜಾಗ ಗೊತ್ತು ಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆಯೇ ಹೊರಿಸಿದೆ. ಆ ಜಾಗ ಮಕ್ಕಳು ಆಡುವ ಕಡೆ, ಮೆಟ್ಟಿಲು, ಬರುಹೋಗುವ ಬಾಗಿಲುಗಳಿಂದ ದೂರವಿರಬೇಕು. ಮಕ್ಕಳು, ಹಿರಿಯರು ಹೆಚ್ಚು ಓಡಾಡದ ಹೊತ್ತನ್ನು ಗೊತ್ತುಪಡಿಸಬೇಕು. ಹಾಕುವವರು ಗಲೀಜು ಮಾಡಬಾರದು. ಅಂದರೆ ಗೇಟಿನ ಬಾಯಲ್ಲಿ ಸಂಜೆ ಅನ್ನ ಸುರಿಯುವುದೂ ಸರಿಯಲ್ಲ, ಅನ್ನವೇ ಹಾಕಕೂಡದು ಎನ್ನುವುದೂ ಸರಿಯಲ್ಲ. ಒಪ್ಪಂದವಾಗದಿದ್ದರೆ ಪ್ರಾಣಿ ಕಲ್ಯಾಣ ಸಮಿತಿ ರಚನೆಗೆ ಅವಕಾಶವಿದೆ. ಅದರಲ್ಲಿ ಪಶುವೈದ್ಯರು, ಪೊಲೀಸ್ ಪ್ರತಿನಿಧಿ, ಜಿಲ್ಲಾ ಪ್ರಾಣಿ ದಯಾ ಸಂಘದವರು, ದೂರುದಾರರು, ನಿಮ್ಮ ಸಂಘದವರು ಎಲ್ಲರೂ ಕೂರುತ್ತಾರೆ.

ಮಗಳಿಗೆ ನಾಯಿ ಕಚ್ಚಿದ್ದನ್ನು ಕಂಡ ತಾಯಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಆ ಡೆಲಿವರಿ ಹುಡುಗನ ಕಥೆ ಏನಾಯಿತು ಎಂದು ಯಾರೂ ಕೇಳಲಿಲ್ಲವಲ್ಲ! ನಾಯಿಯ ಕಿವಿ ನೋಡುವ ಮೊದಲು ಅವನಿಗೆ ಫೋನು ಮಾಡಿ.

ಕಚ್ಚಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬಾರದು. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಕೇಳಿ ಹಾಕಿಸಿಕೊಳ್ಳಬೇಕು. ಒಂದು ಚುಚ್ಚುಮದ್ದು ತೆಗೆದುಕೊಂಡು ಕೆಲಸಕ್ಕೆ ಓಡುವ ಹುಡುಗರಿಗೆ ಉಳಿದ ದಿನಾಂಕಗಳು ನೆನಪಿರುವುದಿಲ್ಲ. ತೋಳಿಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14, 28ನೆಯ ದಿನ ಮತ್ತೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಕಚ್ಚಿದ ನಾಯಿಯನ್ನು ಓಡಿಸಿಬಿಟ್ಟರೆ ದೊಡ್ಡ ನಷ್ಟವೊಂದಿದೆ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕು ಎನ್ನುತ್ತಾರೆ. ಅದು ಆರೋಗ್ಯವಾಗಿಯೇ ಉಳಿದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದರ್ಥ. ಹಾಗೆಂದು ಲಸಿಕೆಗೆ ಹತ್ತು ದಿನ ಕಾಯಬಾರದು, ಅದು ಅಂದೇ ಶುರುವಾಗಬೇಕು. ನಾಯಿ ಮಂಕಾಗಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದರೆ ಪಾಲಿಕೆಗೆ ಲಿಖಿತ ದೂರು ಕೊಡಿ. ರೇಬೀಸ್ ಶಂಕೆಯ ನಾಯಿಯನ್ನು ಹಿಡಿದು ಪ್ರತ್ಯೇಕವಾಗಿರಿಸಲು ಅದೇ 2023ರ ನಿಯಮಗಳಲ್ಲಿ ದಾರಿ ಇದೆ.

ನನ್ನ ಮಗಳನ್ನು ನಾಯಿ ಕಚ್ಚಿದ್ದು ಶಾಲಾ ವಾಹನ ನಿಲ್ಲುವ ಜಾಗದಲ್ಲಿ. ಅಲ್ಲೇ ಯಾರೋ ಬೆಳಿಗ್ಗೆ ಬಿಸ್ಕತ್ತು ಹಾಕುತ್ತಿದ್ದರು. ಕೇಳಿದರೆ "ಪಾಪ, ಮೂಕ ಪ್ರಾಣಿ" ಎಂದರು. ಮಕ್ಕಳು ಪಾಪ ಅಲ್ಲವೇ? ಪ್ರಾಣಿದಯೆಯ ಹೆಸರಿನಲ್ಲಿ ಜಾಗ, ಹೊತ್ತು ನೋಡದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಎರಡು ನಾಯಿ ಸಾಕಿರುವವರು

ಲಿಫ್ಟಿನ ವಿಷಯ ನನ್ನ ಪಾಲಿಗೆ ಬಿಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದ ನಿರ್ಣಯ ಮಾಡಿದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ತಳಿ ಅಥವಾ ಗಾತ್ರ ನೋಡಿ ತಡೆಯುವಂತಿಲ್ಲ, ಲಿಫ್ಟ್ ನಿರಾಕರಿಸುವಂತಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಾಕುಪ್ರಾಣಿ ನಿಷೇಧಿಸುವ ಸಂಘಗಳ ಉಪವಿಧಿ ಕಾನೂನುಬಾಹಿರ ಎಂದಿತು. "ಪಿಟ್‌ಬುಲ್ ನಿಷೇಧವಾಗಿದೆ" ಎಂದು ಯಾರಾದರೂ ಹಳೆಯ ಸುತ್ತೋಲೆ ತೋರಿಸಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳ ವಿರುದ್ಧ ಹೊರಡಿಸಿದ್ದ ಆ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ರದ್ದು ಮಾಡಿತು.

ಇನ್ನು ನಮ್ಮವರಿಗೆ, ಅಂದರೆ ನಾಯಿ ಸಾಕಿದವರಿಗೆ, ಎರಡು ಮಾತು. ಕೊರಳಿಗೆ ಹಗ್ಗವಿಲ್ಲದೆ ಮೊಗಸಾಲೆಗೆ ಬಿಟ್ಟು "ಏನೂ ಮಾಡುವುದಿಲ್ಲ, ಹೆದರಬೇಡಿ" ಎನ್ನುವವರೇ ಈ ಲಿಫ್ಟ್ ನಿಷೇಧಗಳ ಜನಕರು. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಅಡಿ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲಿಫ್ಟಿನಲ್ಲಿ ಈಗಾಗಲೇ ಒಬ್ಬರಿದ್ದು ಅವರಿಗೆ ಭಯವಿದ್ದರೆ ಮುಂದಿನದಕ್ಕೆ ಕಾಯಿರಿ. ನಾಯಿಯನ್ನು ಮೂಲೆಗೆ ನಿಲ್ಲಿಸಿ, ನೀವು ಅದರ ಮತ್ತು ಜನರ ನಡುವೆ ನಿಲ್ಲಿ. ಹೇಲನ್ನು ಎತ್ತಲು ಕಾಗದವೋ ಚೀಲವೋ ಕೈಯಲ್ಲಿರಲಿ. ನಮ್ಮ ಸಮುಚ್ಚಯದಲ್ಲಿ ಲಸಿಕೆಯ ಕಾರ್ಡಿನ ಪ್ರತಿಯನ್ನು ನಾವಾಗಿಯೇ ಸಂಘದ ಕಚೇರಿಗೆ ಕೊಟ್ಟೆವು. ಅರ್ಧ ಆಕ್ಷೇಪಣೆ ಅಲ್ಲಿಗೇ ನಿಂತಿತು.

ಸಣ್ಣ ಪಟ್ಟಣದವರು

ನಮ್ಮ ಕಡೆ ನಾಯಿಗಿಂತ ಬೀಡಾಡಿ ದನಗಳ ಕಾಟ ಜಾಸ್ತಿ. ಹಾಲು ಕರೆದುಕೊಂಡು ಬೀದಿಗೆ ಅಟ್ಟುತ್ತಾರೆ, ಅವು ಮಾರುಕಟ್ಟೆಯ ಬಾಳೆ ಎಲೆ, ಪ್ಲಾಸ್ಟಿಕ್ ತಿಂದು ನಡುರಸ್ತೆಯಲ್ಲಿ ಮಲಗುತ್ತವೆ. ಕರ್ನಾಟಕದ 1966ರ ಜಾನುವಾರು ಅತಿಕ್ರಮಣ ಕಾಯ್ದೆ ಇವತ್ತಿಗೂ ಜೀವಂತವಾಗಿದೆ. ಬೆಳೆಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದರೆ ಮಾಲೀಕ ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಕಾಯ್ದೆ ಇದೆ, ದೊಡ್ಡಿ ಎಲ್ಲಿದೆ ಎಂದು ಕೇಳಿ! ನಮ್ಮಲ್ಲಿ ಅದರ ಗೋಡೆ ಬಿದ್ದು ಒಳಗೆ ಮುಳ್ಳುಕಂಟಿ ಬೆಳೆದಿತ್ತು. ವಾರ್ಡಿನವರು ಸೇರಿ ಅರ್ಜಿ ಕೊಟ್ಟು ದೊಡ್ಡಿಯನ್ನು ದುರಸ್ತಿ ಮಾಡಿಸಿದ ಮೇಲೆಯೇ ದನ ಹಿಡಿಯುವ ಮಾತಿಗೆ ಬೆಲೆ ಬಂತು. ನೀವೂ ನಾಯಿ ಹಿಡಿಯಿರಿ ಎಂದು ಕೇಳುವ ಮೊದಲು ನಿಮ್ಮ ಪಾಲಿಕೆಯ ಶಸ್ತ್ರಚಿಕಿತ್ಸಾ ಕೇಂದ್ರ ನಡೆಯುತ್ತಿದೆಯೇ, ಬಾಗಿಲು ಹಾಕಿದೆಯೇ ವಿಚಾರಿಸಿ. ಮುಚ್ಚಿದ್ದರೆ ನಿಮ್ಮ ಮೊದಲ ಅರ್ಜಿ ಅದರ ಬಗ್ಗೆಯೇ ಆಗಲಿ.

ವಕೀಲರು

ಚುಟುಕಾಗಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಂ ಅಡಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ನಗಬೇಡಿ, ಕಾಯ್ದೆಯಲ್ಲಿ ಇರುವುದೇ ಅಷ್ಟು. ಇದನ್ನು ಓದಿಕೊಂಡವರು "ಐವತ್ತು ರೂಪಾಯಿ ಬಿಸಾಕಿದರಾಯಿತು" ಎನ್ನುತ್ತಾರೆ. ಅವರಿಗೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಂ ತೋರಿಸಿ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂದು ನೋಡಿ ಶಿಕ್ಷೆ ಬೇರೆಯಾಗುತ್ತಿತ್ತು, ಈಗ ಆ ಭೇದವಿಲ್ಲ. ಗುಂಪಿನಲ್ಲಿ ಯಾರಾದರೂ ವಿಷದ ಮಾತು ಆಡಿದ್ದರೆ ಸಮಿತಿ ಅದನ್ನು ಲಿಖಿತವಾಗಿ ಖಂಡಿಸಿಬಿಡಲಿ.

ಸುಪ್ರೀಂ ಕೋರ್ಟಿನ ಆದೇಶಗಳ ಬಗ್ಗೆ ಗೊಂದಲವಿದೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿತ್ತು. ಹನ್ನೊಂದು ದಿನದಲ್ಲೇ, 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿಗಳನ್ನು ಅದೇ ಪ್ರದೇಶಕ್ಕೆ ಬಿಡಬೇಕು ಎಂದಿತು. ರೇಬೀಸ್ ಇರುವ ಅಥವಾ ಶಂಕೆಯಿರುವ, ಆಕ್ರಮಣಕಾರಿ ಸ್ವಭಾವದ ನಾಯಿಗಳಿಗೆ ಇದು ಅನ್ವಯಿಸದು. ಬೀದಿಯಲ್ಲಿ ಎಲ್ಲೆಂದರಲ್ಲಿ ಆಹಾರ ಹಾಕಬಾರದು, ವಾರ್ಡಿಗೊಂದರಂತೆ ಜಾಗ ಗುರುತಿಸಬೇಕು ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಗೆ ಸಂಬಂಧಿಸಿದ್ದು. ಅಲ್ಲಿಂದ ಹಿಡಿದ ನಾಯಿಯನ್ನು ಅಲ್ಲಿಗೇ ಬಿಡುವಂತಿಲ್ಲ. ಹೆದ್ದಾರಿಯ ಬೀಡಾಡಿ ದನಗಳನ್ನು ತೆರವು ಮಾಡಲೂ ಅದೇ ಆದೇಶ ಹೇಳಿದೆ, ಪಟ್ಟಣದವರು ಅದನ್ನು ಅರ್ಜಿಗೆ ಲಗತ್ತಿಸಬಹುದು. ಅಪಾರ್ಟ್‌ಮೆಂಟಿನ ಗೇಟು ಆ ಪಟ್ಟಿಯಲ್ಲಿಲ್ಲ. ಆದರೂ ಪತ್ರ ಬರೆಯುವ ದಿನ ಹೊಸ ಆದೇಶ ಬಂದಿದೆಯೇ ನೋಡಿಕೊಂಡೇ ಬರೆಯಿರಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕಿವಿ ನೋಡಿ ಬಂದೆ. ಎರಡಕ್ಕೆ ಗುರುತಿದೆ, ಎರಡಕ್ಕಿಲ್ಲ. ಗುರುತಿಲ್ಲದ ಹೆಣ್ಣೊಂದು ಪಕ್ಕದ ಖಾಲಿ ನಿವೇಶನದಲ್ಲಿ ಮರಿ ಹಾಕಿದೆ, ಇನ್ನೂ ಕಣ್ಣು ಬಿಟ್ಟಿಲ್ಲ. ಕಚ್ಚಿದ್ದೂ ಅದೇ ಎನ್ನುತ್ತಾನೆ ಕಾವಲುಗಾರ. ಹುಡುಗ ಲಸಿಕೆ ಶುರು ಮಾಡಿದ್ದಾನೆ. ಈಗ ಆ ತಾಯಿಯನ್ನು ಹಿಡಿಸಬಹುದೇ?

ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದವರು

ಮರಿಗಳಿಗೆ ಎರಡು ತಿಂಗಳಾಗುವ ತನಕ ಹಾಲೂಡುವ ತಾಯಿಯನ್ನು ಶಸ್ತ್ರಚಿಕಿತ್ಸೆಗೆ ಹಿಡಿಯುವಂತಿಲ್ಲ. ಆರು ತಿಂಗಳೊಳಗಿನ ಮರಿಗಳನ್ನೂ ಹಿಡಿಯುವಂತಿಲ್ಲ. ಮರಿಯ ತಾಯಿ ಕಚ್ಚುವುದು ಬಹುಪಾಲು ಮರಿಗಳ ಹತ್ತಿರ ಬಂದವರನ್ನು. ಅಲ್ಲಿಯವರೆಗೆ ಡೆಲಿವರಿಯವರು ಇನ್ನೊಂದು ಗೇಟಿನಿಂದ ಬರಲಿ, ನಿವೇಶನದ ಕಡೆಗೆ ಒಂದು ಫಲಕ ಹಾಕಿಸಿ. ಅದು ಆರೋಗ್ಯವಾಗಿದೆಯೇ ಎಂದು ಹತ್ತು ದಿನ ದೂರದಿಂದ ನೋಡಿಕೊಳ್ಳಲು ಕಾವಲುಗಾರನಿಗೆ ಹೇಳಿ, ನಡೆಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಅಂದೇ ಪಾಲಿಕೆಗೆ ತಿಳಿಸಲಿ.

ಪಾಲಿಕೆ ಆಯುಕ್ತರ ಹೆಸರಿಗೆ ಒಂದೇ ಪುಟದ ಅರ್ಜಿ ಬರೆಯಿರಿ. ನಾಲ್ಕು ನಾಯಿಗಳ ಫೋಟೊ, ಯಾವುದಕ್ಕೆ ಗುರುತಿದೆ ಎಂಬುದು, ಕಚ್ಚಿದ ದಿನಾಂಕ, ತಾಯಿ ಮತ್ತು ಮರಿಗಳ ವಿಷಯ ಅದರಲ್ಲಿರಲಿ. ಕೇಳುವುದು ಮೂರು: ಗುರುತಿಲ್ಲದ ಇನ್ನೊಂದು ನಾಯಿಗೆ ಈಗಲೇ ಶಸ್ತ್ರಚಿಕಿತ್ಸೆ, ನಾಲ್ಕಕ್ಕೂ ಲಸಿಕೆ, ಆಹಾರದ ಜಾಗ ಗುರುತಿಸಲು ಸ್ಥಳ ಪರಿಶೀಲನೆ. ಜಿಲ್ಲಾಧಿಕಾರಿ ಕಚೇರಿಗೂ ಪ್ರಾಣಿ ದಯಾ ಸಂಘಕ್ಕೂ ಪ್ರತಿ ಕಳುಹಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ನಿಮ್ಮ ವಾರ್ಡಿನಲ್ಲಿ ಈ ವರ್ಷ ಎಷ್ಟು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಆಯಿತು, ಯಾವ ಸಂಸ್ಥೆಗೆ ಎಷ್ಟು ಹಣ ಪಾವತಿಯಾಯಿತು ಎಂದು ಕೇಳಿ. ಮೂವತ್ತು ದಿನದೊಳಗೆ ಅವರು ಉತ್ತರಿಸಬೇಕು. ನಮ್ಮಲ್ಲಿ ಆ ಅರ್ಜಿ ಮೇಜಿನ ಮೇಲೆ ಬಿದ್ದ ಮರುವಾರವೇ ನಾಯಿ ಹಿಡಿಯುವ ವಾಹನ ಗೇಟಿಗೆ ಬಂದಿತ್ತು.